ಮುಖದ ಚುಚ್ಚುಮದ್ದು: ಮಾಲು ನೋಡುವ ಮುನ್ನ ಕೈ ನೋಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ವರ್ತಕನ ದಿನ ಬಿಸಿಲಿನಲ್ಲೇ ಕಳೆಯುತ್ತದೆ. ಮೆಕ್ಕೆಜೋಳದ ರಾಶಿಯ ಮುಂದೆ ನಿಂತು ತೇವಾಂಶ ನೋಡುವವರು, ಶೇಂಗಾ ಚೀಲಗಳನ್ನು ಲಾರಿಗೆ ತುಂಬಿಸುವವರು, ಹಡಗಲಿಯ ಮಲ್ಲಿಗೆಯನ್ನು ಬೆಳಗಿನ ಬಸ್ಸಿಗೆ ಏರಿಸುವವರು, ರಸ್ತೆ ಬದಿಯ ಶೆಡ್ಡಿನಲ್ಲಿ ಟ್ರಾಲಿ, ನೇಗಿಲು ತಯಾರಿಸುವವರು ಎಲ್ಲರ ಮುಖದ ಮೇಲೂ ಈ ಬಿಸಿಲು ತನ್ನ ಲೆಕ್ಕವನ್ನು ಬರೆದಿಟ್ಟಿರುತ್ತದೆ. ನಲವತ್ತೈದು ದಾಟುವ ವೇಳೆಗೆ ಕೆನ್ನೆ ಒಳಸರಿಯುತ್ತದೆ. ಮೂಗಿನ ಬದಿಯಿಂದ ಬಾಯಿಯವರೆಗೆ ಗೆರೆ ಆಳವಾಗುತ್ತದೆ. ಇದು ವಯಸ್ಸಿನ ಸಹಜ ಗುರುತು ಎಂದು ಹಿಂದಿನವರು ಸುಮ್ಮನಿದ್ದರು.

ಈಗಿನ ಸ್ಥಿತಿ ಬೇರೆ. ಮಗಳ ಮದುವೆಯ ಛಾಯಾಚಿತ್ರ, ಮೊಬೈಲ್ ಫೋನಿನ ವಿಡಿಯೊ ಕರೆ, ಪರಸ್ಥಳದ ಗ್ರಾಹಕರೊಡನೆ ಭೇಟಿ ಇವೆಲ್ಲ ಮುಖದ ಬಗೆಗಿನ ಎಚ್ಚರವನ್ನು ಹೆಚ್ಚಿಸಿವೆ. ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಿನ ಚರ್ಮ ಚಿಕಿತ್ಸಾಲಯಗಳ ಜಾಹೀರಾತುಗಳು ಊರಿನ ಮೊಬೈಲುಗಳಿಗೆ ನೇರವಾಗಿ ಬರುತ್ತಿವೆ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಮಾರ್ಗವು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಹಾದು ಹೋಗುವುದರಿಂದ ನಗರದ ಚಿಕಿತ್ಸೆ ಮೊದಲಿನಷ್ಟು ದೂರವೂ ಅಲ್ಲ. ಹಾಗೆ ಹೋದವರ ಮುಂದೆ ಇಂದು ಇಡಲಾಗುವ ಚಿಕಿತ್ಸೆಗಳಲ್ಲಿ ಮುಖ್ಯವಾದದ್ದು, ಚರ್ಮವು ತಾನೇ ಹೊಸ ಕೊಲಾಜನ್ ಉತ್ಪಾದಿಸುವಂತೆ ಪ್ರಚೋದಿಸುವ ಚುಚ್ಚುಮದ್ದು.

ಇಂಥ ಚುಚ್ಚುಮದ್ದುಗಳಲ್ಲಿ ಹಲವು ಬಗೆಗಳಿವೆ. ದರಗಳೂ ಬೇರೆ ಬೇರೆ. ಯಾವುದನ್ನು ಆಯ್ದುಕೊಳ್ಳಬೇಕೆಂಬ ಪ್ರಶ್ನೆ ಮೊದಲ ನೋಟಕ್ಕೆ ವೈದ್ಯಕೀಯದ್ದೆನಿಸಿದರೂ, ಅದರ ಅರ್ಧ ಭಾಗ ವ್ಯಾಪಾರದ ಪ್ರಶ್ನೆಯೇ ಆಗಿದೆ. ಮಾಲು ಯಾವುದು, ಕೊಡುವವರು ಯಾರು, ಬಿಲ್ಲು ಇದೆಯೇ, ಕೆಟ್ಟರೆ ಹಿಂದಕ್ಕೆ ಕೊಡಬಹುದೇ ಎಂಬ ನಾಲ್ಕು ಪ್ರಶ್ನೆಗಳನ್ನು ಬೀಜದ ಚೀಲ ಕೊಳ್ಳುವಾಗ ಕೇಳುವ ವರ್ತಕನು ತನ್ನ ಮುಖದ ವಿಷಯದಲ್ಲಿ ಕೇಳದಿರುವುದೇ ಇಲ್ಲಿನ ಅಪಾಯ.

ಚರ್ಮದೊಳಗಿನ ಬಂಡವಾಳ

ಚರ್ಮಕ್ಕೆ ಬಿಗಿಯನ್ನೂ ಆಧಾರವನ್ನೂ ಕೊಡುವ ಮುಖ್ಯ ಪ್ರೋಟೀನ್ ಕೊಲಾಜನ್. ಇದು ಚರ್ಮದ ಒಳಪದರದಲ್ಲಿ ನಾರಿನ ಹಂದರದಂತೆ ಹೆಣೆದುಕೊಂಡಿರುತ್ತದೆ. ಯೌವನ ಕಳೆದ ಮೇಲೆ ವರ್ಷಕ್ಕೆ ಸುಮಾರು ಶೇ. 1ರಷ್ಟು ಕೊಲಾಜನ್ ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಮಹಿಳೆಯರಲ್ಲಿ ಮುಟ್ಟು ನಿಂತ ನಂತರದ ಮೊದಲ ಐದು ವರ್ಷಗಳಲ್ಲಿ ಈ ಇಳಿಕೆ ತೀವ್ರವಾಗಿದ್ದು, ಶೇ. 30ರವರೆಗೂ ಹೋಗಬಹುದು. ಬಿಸಿಲಿನ ಅತಿನೇರಳೆ ಕಿರಣ, ಬೀಡಿ-ಸಿಗರೇಟು, ಹತೋಟಿಯಲ್ಲಿಲ್ಲದ ಮಧುಮೇಹ ಇವು ಈ ಬಂಡವಾಳವನ್ನು ಇನ್ನಷ್ಟು ಬೇಗ ಕರಗಿಸುತ್ತವೆ.

ಕಳೆದುಹೋದ ಕೊಲಾಜನ್ನನ್ನು ಹೊರಗಿನಿಂದ ತುಂಬುವ ಪ್ರಯತ್ನ ಹಳೆಯದು. ದನದ ಚರ್ಮದಿಂದ ತೆಗೆದ ಕೊಲಾಜನ್ನಿನ ಚುಚ್ಚುಮದ್ದಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1981ರಲ್ಲಿ ಅನುಮತಿ ನೀಡಿತು. ಅದು ಕೆಲವೇ ತಿಂಗಳಲ್ಲಿ ಕರಗುತ್ತಿತ್ತು. ಕೆಲವರಿಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಮುಂಗೈಯಲ್ಲಿ ಮೊದಲು ಪರೀಕ್ಷೆ ಮಾಡಬೇಕಾಗುತ್ತಿತ್ತು. ಇಂದಿನ ಚುಚ್ಚುಮದ್ದುಗಳ ತತ್ವ ಬೇರೆ. ಇವು ಕೊಲಾಜನ್ನನ್ನು ತಂದು ಸುರಿಯುವುದಿಲ್ಲ. ಅತಿ ಸೂಕ್ಷ್ಮವಾದ ಕಣಗಳನ್ನು ಚರ್ಮದಡಿಯಲ್ಲಿ ಇರಿಸಿದಾಗ ದೇಹವು ಅವುಗಳನ್ನು ಹೊರಗಿನ ವಸ್ತುವೆಂದು ಗುರುತಿಸಿ, ಅವುಗಳ ಸುತ್ತ ತನ್ನದೇ ಕೊಲಾಜನ್ನನ್ನು ಕಟ್ಟುತ್ತದೆ. ಕಣಗಳು ಕ್ರಮೇಣ ಕರಗಿಹೋಗುತ್ತವೆ, ಕಟ್ಟಿದ್ದು ಕೆಲಕಾಲ ಉಳಿಯುತ್ತದೆ.

ಹೀಗಾಗಿ ಇದು ತುಂಬುವ ಕೆಲಸಕ್ಕಿಂತ ಬಿತ್ತುವ ಕೆಲಸಕ್ಕೆ ಹತ್ತಿರ. ಬಿತ್ತಿದ ದಿನವೇ ಪೈರು ಕಾಣುವುದಿಲ್ಲ. ಒಂದೇ ಬೀಜ ಎರಡು ಹೊಲಗಳಲ್ಲಿ ಒಂದೇ ಇಳುವರಿ ಕೊಡುವುದಿಲ್ಲ. ಅರವತ್ತೈದರ ಚರ್ಮ ಮತ್ತು ನಲವತ್ತರ ಚರ್ಮ ಒಂದೇ ಪ್ರಮಾಣದ ಮದ್ದಿಗೆ ಒಂದೇ ರೀತಿ ಸ್ಪಂದಿಸುವುದೂ ಇಲ್ಲ. ‘ಖಚಿತ ಫಲಿತಾಂಶ’ ಎಂಬ ಜಾಹೀರಾತನ್ನು ಈ ಕಾರಣಕ್ಕಾಗಿಯೇ ಅನುಮಾನದಿಂದ ನೋಡಬೇಕು.

ಮಾಲಿನ ಬಗೆಗಳು

ಮೊದಲನೆಯದು ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲ. ಸ್ಕಲ್ಪ್ಟ್ರಾ ಎಂಬುದು ಇದರ ಹೆಸರಾದ ಉತ್ಪನ್ನ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ತಾನಾಗಿ ಕರಗುವ ಹೊಲಿಗೆ ದಾರವೂ ಇದೇ ಕುಟುಂಬದ ವಸ್ತು. ಲ್ಯಾಕ್ಟಿಕ್ ಆಮ್ಲವನ್ನು ಕೈಗಾರಿಕೆಯಲ್ಲಿ ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ತಯಾರಿಸಲಾಗುತ್ತದೆ ಎಂಬುದು ಈ ಭಾಗದ ವರ್ತಕರಿಗೆ ಕುತೂಹಲದ ಸಂಗತಿಯಾದೀತು. ಮದ್ದು ಪುಡಿಯ ರೂಪದಲ್ಲಿ ಸೀಸೆಯಲ್ಲಿ ಬರುತ್ತದೆ. ವೈದ್ಯರು ಅದಕ್ಕೆ ಶುದ್ಧೀಕರಿಸಿದ ನೀರು ಬೆರೆಸಿ ಚುಚ್ಚುತ್ತಾರೆ. ಚುಚ್ಚಿದ ದಿನ ಕಾಣುವ ಉಬ್ಬು ನೀರಿನದು. ಕೆಲವೇ ದಿನಗಳಲ್ಲಿ ಇಳಿಯುತ್ತದೆ. ನಿಜವಾದ ಫಲ ಕಾಣಲು ವಾರಗಳು, ತಿಂಗಳುಗಳು ಬೇಕು. ಸಾಮಾನ್ಯವಾಗಿ ಹಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಚುಚ್ಚಬೇಕಾಗುತ್ತದೆ. ಫಲವು ಎರಡು ವರ್ಷಗಳವರೆಗೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಚುಚ್ಚಿದ ನಂತರ ದಿನಕ್ಕೆ ಐದು ಸಲ, ಐದು ನಿಮಿಷದಂತೆ, ಐದು ದಿನ ಮುಖವನ್ನು ನೀವಿಕೊಳ್ಳಲು ವೈದ್ಯರು ಹೇಳುವ ರೂಢಿಯಿದೆ.

ಎರಡನೆಯದು ಕ್ಯಾಲ್ಸಿಯಂ ಹೈಡ್ರಾಕ್ಸಿಲ್‌ಅಪಟೈಟ್. ರೇಡಿಯೆಸ್ ಎಂಬ ಹೆಸರಿನಲ್ಲಿ ಪರಿಚಿತ. ಮೂಳೆ ಮತ್ತು ಹಲ್ಲಿನಲ್ಲಿರುವ ಖನಿಜವೂ ಇದೇ. ಇದರಲ್ಲಿ ಶೇ. 30ರಷ್ಟು ಸೂಕ್ಷ್ಮ ಗೋಳಗಳು, ಶೇ. 70ರಷ್ಟು ಲೋಳೆಯಿರುತ್ತವೆ. ಲೋಳೆಯು ತಕ್ಷಣವೇ ಸ್ವಲ್ಪ ತುಂಬುವುದರಿಂದ ಫಲ ಅಂದೇ ಕಾಣುತ್ತದೆ. ಲೋಳೆ ಕರಗುವ ಹೊತ್ತಿಗೆ ಗೋಳಗಳ ಸುತ್ತ ಕೊಲಾಜನ್ ಕಟ್ಟತೊಡಗುತ್ತದೆ. ಸುಮಾರು 12ರಿಂದ 18 ತಿಂಗಳು ಉಳಿಯುತ್ತದೆ. ತೆಳುವಾಗಿ ಬೆರೆಸಿ, ತುಂಬುವುದಕ್ಕಿಂತ ಚರ್ಮದ ಗುಣಮಟ್ಟ ಸುಧಾರಿಸಲು ಬಳಸುವ ಪದ್ಧತಿಯೂ ಇದೆ. ಇದು ಎಕ್ಸ್-ರೇ ಮತ್ತು ಸಿ.ಟಿ. ಸ್ಕ್ಯಾನಿನಲ್ಲಿ ಕಾಣಬಹುದಾದ್ದರಿಂದ ಮುಂದೆ ಅಂಥ ಪರೀಕ್ಷೆಯಾಗುವಾಗ ಹೇಳಬೇಕಾಗುತ್ತದೆ.

ಮೂರನೆಯದು ಪಾಲಿಕ್ಯಾಪ್ರೊಲ್ಯಾಕ್ಟೋನ್. ಎಲಾನ್ಸೆ ಎಂಬ ಹೆಸರಿನ ಈ ಉತ್ಪನ್ನ 2009ರಲ್ಲಿ ಯೂರೋಪಿನ ಮಾನ್ಯತೆ ಪಡೆಯಿತು. ರಚನೆ ಎರಡನೆಯದನ್ನೇ ಹೋಲುತ್ತದೆ, ಆದರೆ ಕಣಗಳು ಕರಗುವುದು ಬಹಳ ನಿಧಾನ. ಒಂದರಿಂದ ನಾಲ್ಕು ವರ್ಷ ಬಾಳಿಕೆಯೆಂದು ಹೇಳಲಾಗುವ ಬೇರೆ ಬೇರೆ ದರ್ಜೆಗಳಲ್ಲಿ ದೊರೆಯುತ್ತದೆ.

ಇವಲ್ಲದೆ, ಎಂದೂ ಕರಗದ ಪಾಲಿಮೀಥೈಲ್‌ಮೆಥಾಕ್ರಿಲೇಟ್ ಕಣಗಳಿರುವ ಚುಚ್ಚುಮದ್ದು ಒಂದುಂಟು. ಸ್ವಂತ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮರಳಿ ಚುಚ್ಚುವ ಪಿ.ಆರ್.ಪಿ. ಎಂಬ ವಿಧಾನವೂ ಇದೆ. ಹೊರಗಿನ ವಸ್ತು ಸೇರದಿರುವುದು ಇದರ ಅನುಕೂಲ. ತಯಾರಿಕೆಯ ವಿಧಾನ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಫಲ ಸಮನಾಗಿಲ್ಲದಿರುವುದು ಅನನುಕೂಲ. ‘ಎಕ್ಸೋಸೋಮ್’ ಎಂಬ ಹೊಸ ಹೆಸರೂ ಜಾಹೀರಾತುಗಳಲ್ಲಿ ಕಾಣುತ್ತಿದೆ. ಅಮೆರಿಕದ ನಿಯಂತ್ರಣ ಸಂಸ್ಥೆಯು ಅಂಥ ಉತ್ಪನ್ನಗಳ ಬಗ್ಗೆ ಸಾರ್ವಜನಿಕರಿಗೆ 2019ರಲ್ಲೇ ಎಚ್ಚರಿಕೆ ನೀಡಿದೆ.

ಈ ಎಲ್ಲವುಗಳ ಜೊತೆ ಗೊಂದಲ ಮಾಡಿಕೊಳ್ಳಬಾರದ ಎರಡು ಚಿಕಿತ್ಸೆಗಳಿವೆ. ಬೊಟಾಕ್ಸ್ ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ತುಂಬುವುದಿಲ್ಲ. ಹಯಲುರಾನಿಕ್ ಆಮ್ಲದ ಫಿಲ್ಲರ್ ಮುಖ್ಯವಾಗಿ ತುಂಬುವ ಕೆಲಸ ಮಾಡುತ್ತದೆ. ಈ ಕೊನೆಯದಕ್ಕೆ ಇರುವ ಒಂದು ವಿಶೇಷ ಗುಣವೇ ಮುಂದಿನ ಇಡೀ ಲೆಕ್ಕದ ಕೀಲಿ.

ಹಿಂದಕ್ಕೆ ಕೊಡಲಾಗದ ಮಾಲು

ಹಯಲುರಾನಿಕ್ ಆಮ್ಲದ ಫಿಲ್ಲರ್ ಹೆಚ್ಚಾದರೆ, ತಪ್ಪು ಜಾಗ ಸೇರಿದರೆ ಅಥವಾ ರಕ್ತನಾಳವನ್ನು ಮುಚ್ಚಿದರೆ ಹಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಅದನ್ನು ಕರಗಿಸಬಹುದು. ಕೊಲಾಜನ್ ಪ್ರಚೋದಿಸುವ ಮೇಲ್ಕಂಡ ಮೂರು ಮದ್ದುಗಳಿಗೆ ಹೀಗೆ ಭರವಸೆಯಿಂದ ಕರಗಿಸುವ ಮದ್ದು ಇಲ್ಲ. ಅವು ತಾವಾಗಿ ಕರಗುವವರೆಗೆ ಕಾಯಬೇಕು, ಅಂದರೆ ತಿಂಗಳುಗಳು ಅಥವಾ ವರ್ಷಗಳು. ಹೆಚ್ಚು ದಿನ ಬಾಳುತ್ತದೆ ಎಂಬ ಮಾತನ್ನು ಜಾಹೀರಾತು ಲಾಭದ ಕಲಮಿನಲ್ಲಿ ಬರೆಯುತ್ತದೆ. ಕೆಲಸ ಕೆಟ್ಟಲ್ಲಿ ಅದೇ ಬಾಳಿಕೆ ನಷ್ಟದ ಕಲಮಿಗೆ ಬರುತ್ತದೆ. ನಾಲ್ಕು ವರ್ಷ ಬಾಳುವ ಮದ್ದು ನಾಲ್ಕು ವರ್ಷ ಬಾಳುವ ತಪ್ಪೂ ಆಗಬಲ್ಲದು.

ಸಾಮಾನ್ಯ ತೊಂದರೆಗಳೆಂದರೆ ಬಾವು, ನೋವು, ನೀಲಿಗಟ್ಟುವಿಕೆ. ಇವು ಒಂದೆರಡು ವಾರಗಳಲ್ಲಿ ಹೋಗುತ್ತವೆ. ನಮ್ಮ ಕಂದು ಬಣ್ಣದ ಚರ್ಮದಲ್ಲಿ ಉರಿಯೂತದ ನಂತರ ಕಪ್ಪು ಕಲೆ ಉಳಿಯುವ ಸಂಭವ ಹೆಚ್ಚು. ಮುಂದಿನ ಹಂತದ ತೊಂದರೆ ಗಂಟುಗಳು. ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲವನ್ನು ಸಾಕಷ್ಟು ನೀರು ಬೆರೆಸದೆ ಗಟ್ಟಿಯಾಗಿ ಚುಚ್ಚಿದಾಗ, ಅಥವಾ ತೀರ ಮೇಲ್ಪದರದಲ್ಲಿ ಇಟ್ಟಾಗ ತಿಂಗಳುಗಳ ನಂತರವೂ ಚರ್ಮದಡಿಯಲ್ಲಿ ಗಂಟು ಕಾಣಿಸಬಹುದು. ತುಟಿ ಮತ್ತು ಕಣ್ಣಿನ ಸುತ್ತಲಿನ ತೆಳು ಚರ್ಮದಲ್ಲಿ ಇಂಥ ಮದ್ದುಗಳನ್ನು ಸಾಮಾನ್ಯವಾಗಿ ಬಳಸದಿರುವುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಗಂಭೀರವಾದದ್ದು ಮದ್ದು ರಕ್ತನಾಳದೊಳಗೆ ಹೋಗುವುದು. ಇದು ವಿರಳ. ಆದರೆ ಸಂಭವಿಸಿದಲ್ಲಿ ಚರ್ಮ ಸಾಯಬಹುದು, ದೃಷ್ಟಿ ಹೋಗಬಹುದು, ಪಾರ್ಶ್ವವಾಯು ಕೂಡ ಆಗಬಹುದು. ಅಮೆರಿಕದ ನಿಯಂತ್ರಣ ಸಂಸ್ಥೆಯು 2015ರಲ್ಲಿ ಈ ಕುರಿತು ವಿಶೇಷ ಎಚ್ಚರಿಕೆ ಪ್ರಕಟಿಸಿತು. ಮೂಗು ಮತ್ತು ಹುಬ್ಬುಗಳ ನಡುವಿನ ಜಾಗ ಹೆಚ್ಚು ಅಪಾಯದವು. ಚುಚ್ಚಿದ ಹೊತ್ತಿನಲ್ಲಿ ಅಥವಾ ನಂತರ ಅಸಾಧಾರಣ ನೋವು, ಚರ್ಮ ಬಿಳಿಚಿಕೊಳ್ಳುವುದು, ಬಲೆಯಂಥ ನೀಲಿ ಗೆರೆಗಳು, ದೃಷ್ಟಿ ಮಂಜಾಗುವುದು ಇವುಗಳಲ್ಲಿ ಯಾವುದು ಕಂಡರೂ ಅದು ನಾಳೆ ನೋಡೋಣ ಎನ್ನುವ ಸಂಗತಿಯಲ್ಲ. ಕಣ್ಣಿನ ವಿಷಯದಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಇಲ್ಲಿಯೇ ನಮ್ಮ ಐದು ತಾಲ್ಲೂಕುಗಳ ಭೂಗೋಳ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿರುವವರು ಅರ್ಧ ಗಂಟೆಯಲ್ಲಿ ತಮ್ಮ ವೈದ್ಯರಲ್ಲಿಗೆ ಮರಳಬಹುದು. ಮಧ್ಯಾಹ್ನ ಚುಚ್ಚಿಸಿಕೊಂಡು ಸಂಜೆಯ ಬಸ್ಸಿಗೆ ಹಡಗಲಿಗೋ ಕೂಡ್ಲಿಗಿಗೋ ಹೊರಟವರು ದಾರಿಯ ಮಧ್ಯೆ ಏನು ಮಾಡಬೇಕು? ಆದ್ದರಿಂದ ಅಂದಿನ ರಾತ್ರಿ ಅದೇ ಊರಿನಲ್ಲಿ ಉಳಿಯುವುದು, ರಾತ್ರಿಯಲ್ಲೂ ಉತ್ತರಿಸುವ ವೈದ್ಯರ ದೂರವಾಣಿ ಸಂಖ್ಯೆ ಪಡೆಯುವುದು, ಹತ್ತಿರದ ದೊಡ್ಡ ಆಸ್ಪತ್ರೆ ಯಾವುದೆಂದು ತಿಳಿದಿರುವುದು ಅತಿ ಜಾಗರೂಕತೆ ಎನಿಸಿದರೂ ಅಗತ್ಯ. ದೂರದ ಊರಿನವರಿಗೆ ಮೊದಲ ಸಲದ ಚಿಕಿತ್ಸೆಯಾಗಿ ಕರಗಿಸಬಹುದಾದ ಫಿಲ್ಲರೇ ಮೇಲು ಎಂಬ ವಾದಕ್ಕೆ ಇದರಿಂದ ಬಲ ಬರುತ್ತದೆ.

ರೋಗಿಗಳಿಗಾಗಿ ಬಂದ ಚಿಕಿತ್ಸೆ

ಈ ಮದ್ದುಗಳನ್ನು ಶ್ರೀಮಂತರ ಶೋಕಿಯೆಂದು ತಳ್ಳಿಹಾಕುವುದು ಸರಿಯಲ್ಲ. ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲಕ್ಕೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆತದ್ದು ಸುಕ್ಕಿಗಾಗಿ ಅಲ್ಲ, ಎಚ್.ಐ.ವಿ. ಸೋಂಕಿತರ ಕೆನ್ನೆಯ ಕೊಬ್ಬು ಕರಗಿ ಮುಖ ಬತ್ತಿಹೋಗುವ ಸ್ಥಿತಿಗಾಗಿ. ಸೌಂದರ್ಯದ ಉದ್ದೇಶಕ್ಕೆ ಅನುಮತಿ ಬಂದದ್ದು 2009ರಲ್ಲಿ. ಕ್ಯಾಲ್ಸಿಯಂ ಹೈಡ್ರಾಕ್ಸಿಲ್‌ಅಪಟೈಟ್‌ಗೆ ಈ ಎರಡೂ ಉದ್ದೇಶಗಳಿಗೆ 2006ರಲ್ಲಿ ಅನುಮತಿ ದೊರೆಯಿತು.

ಭಾರತ ಸರ್ಕಾರವು ಎಚ್.ಐ.ವಿ. ಸೋಂಕಿತರಿಗೆ ಉಚಿತ ಔಷಧ ನೀಡಲಾರಂಭಿಸಿದ್ದೂ 2004ರ ಏಪ್ರಿಲ್‌ನಲ್ಲಿಯೇ. ಆಗಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದ್ದ ಸ್ಟಾವುಡಿನ್ ಎಂಬ ಔಷಧ ಜೀವ ಉಳಿಸಿತು. ಜೊತೆಗೆ ಹಲವರ ಕೆನ್ನೆಯನ್ನು ಬತ್ತಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಆ ಔಷಧವನ್ನು ಹಂತಹಂತವಾಗಿ ಕೈಬಿಡಲು ಸಲಹೆ ನೀಡಿತು. ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳು ಆ ವರ್ಷಗಳಲ್ಲಿ ಸೋಂಕು ಹೆಚ್ಚಿದ್ದ ಪ್ರದೇಶಗಳಾಗಿದ್ದವು. ಬತ್ತಿದ ಕೆನ್ನೆ ಎಂಬುದು ಗುಟ್ಟಾಗಿರಬೇಕಾದ ಕಾಯಿಲೆಯನ್ನು ಸಂತೆಯಲ್ಲಿ ಸಾರುವ ಗುರುತಾಗುತ್ತಿತ್ತು. ಮುಖ ನೋಡಿ ಗಿರಾಕಿ ಬೇರೆ ಅಂಗಡಿಗೆ ಹೋಗುವ ಊರುಗಳಲ್ಲಿ ಅದು ಹೊಟ್ಟೆಪಾಡಿನ ಪ್ರಶ್ನೆ. ಮುಖವನ್ನು ಮೊದಲಿನಂತೆ ಮಾಡಿಕೊಳ್ಳುವ ಆಸೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂಬುದನ್ನು ಈ ಹಿನ್ನೆಲೆ ನೆನಪಿಸುತ್ತದೆ.

ಯಾರಿಗೆ ಯಾವುದು

ಆಯ್ಕೆಯನ್ನು ಅಂತಿಮವಾಗಿ ಮಾಡಬೇಕಾದವರು ಪರೀಕ್ಷಿಸಿದ ವೈದ್ಯರು. ಆದರೂ ಸ್ಥೂಲವಾಗಿ ಕೆಲವು ಮಾತು ಹೇಳಬಹುದು. ಇಡೀ ಮುಖ ಬತ್ತಿದಂತಾಗಿ, ಕೆನ್ನೆ-ಕಪೋಲಗಳು ಒಳಸರಿದಿದ್ದು, ನಿಧಾನವಾದ ಮತ್ತು ಪರರಿಗೆ ಎದ್ದು ಕಾಣದ ಬದಲಾವಣೆ ಬೇಕೆನ್ನುವವರಿಗೆ ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲ ಹೊಂದುತ್ತದೆ. ಅವರಲ್ಲಿ ತಾಳ್ಮೆ ಇರಬೇಕು, ಮೂರು ಸಲ ಪ್ರಯಾಣ ಮಾಡಲು ಬಿಡುವು ಇರಬೇಕು. ದವಡೆಯ ಅಂಚು ಸಡಿಲಾಗಿ, ಮೂಗಿನ ಬದಿಯ ಗೆರೆ ಆಳವಾಗಿದ್ದು, ಒಂದೇ ಭೇಟಿಯಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕೆನ್ನುವವರಿಗೆ ಕ್ಯಾಲ್ಸಿಯಂ ಹೈಡ್ರಾಕ್ಸಿಲ್‌ಅಪಟೈಟ್ ಹೊಂದೀತು. ದೀರ್ಘ ಬಾಳಿಕೆಯ ಪಾಲಿಕ್ಯಾಪ್ರೊಲ್ಯಾಕ್ಟೋನನ್ನು ಮೊದಲ ಸಲಕ್ಕೇ ಆಯ್ದುಕೊಳ್ಳುವುದು ವಿವೇಕವೆನಿಸದು. ಮುಖ ತುಂಬಿಕೊಂಡೇ ಇದ್ದು, ಚರ್ಮ ಮಾತ್ರ ಜೋತುಬಿದ್ದಿರುವವರಿಗೆ ಈ ಯಾವ ಚುಚ್ಚುಮದ್ದೂ ಹೆಚ್ಚು ಮಾಡಲಾರದು. ಹಾಗೆಂದು ಹೇಳಿ ಮರಳಿ ಕಳುಹಿಸುವ ವೈದ್ಯರು ನಂಬಿಕೆಗೆ ಅರ್ಹರು.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮುಖದಲ್ಲಿ ಸೋಂಕು ಅಥವಾ ಕೀವುಗುಳ್ಳೆ ಇರುವವರು, ಉಬ್ಬುಗಾಯದ ಗುರುತು ಬೆಳೆಯುವ ಪ್ರವೃತ್ತಿಯವರು, ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗುವ ಕಾಯಿಲೆಯುಳ್ಳವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ವರ್ತಕರು ಅದನ್ನು ಮುಚ್ಚಿಡಬಾರದು. ಚಿಕಿತ್ಸೆಗಾಗಿ ತಾವಾಗಿಯೇ ನಿಲ್ಲಿಸಲೂ ಬಾರದು.

ಕಾಲದ ಲೆಕ್ಕವೂ ಮುಖ್ಯ. ಮದುವೆಗೆ ಹದಿನೈದು ದಿನವಿರುವಾಗ ಚಿಕಿತ್ಸೆ ಆರಂಭಿಸಿದರೆ ಛಾಯಾಚಿತ್ರದಲ್ಲಿ ಕಾಣುವುದು ನೀಲಿಗಟ್ಟಿದ ಕೆನ್ನೆ. ಮಾಘ ಮಾಸದ ಕೊಟ್ಟೂರೇಶ್ವರ ರಥೋತ್ಸವಕ್ಕೆ ನೆಂಟರು ಬರುವ ಹೊತ್ತಿಗೆ ಫಲ ಕಾಣಬೇಕೆಂದರೆ ದಸರೆಯ ಹೊತ್ತಿಗಾದರೂ ಮೊದಲ ಭೇಟಿ ಆಗಿರಬೇಕು.

ಖರ್ಚಿನ ನಿಜವಾದ ಲೆಕ್ಕ

ಚಿಕಿತ್ಸಾಲಯದವರು ಹೇಳುವುದು ಸಾಮಾನ್ಯವಾಗಿ ಒಂದು ಸೀಸೆ ಅಥವಾ ಒಂದು ಸಿರಿಂಜಿನ ದರ. ವರ್ತಕನು ಹಾಕಬೇಕಾದದ್ದು ಬಾಳಿಕೆಯ ಒಂದು ತಿಂಗಳಿಗೆ ತಗಲುವ ದರ. ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ ಸಣ್ಣ ಸಂಖ್ಯೆಗಳನ್ನು ತೆಗೆದುಕೊಳ್ಳಬಹುದು. ‘ಅ’ ಎಂಬ ಮದ್ದಿಗೆ ಭೇಟಿಯೊಂದಕ್ಕೆ 100 ರೂ., ಮೂರು ಭೇಟಿ ಬೇಕು, ಬಾಳಿಕೆ 24 ತಿಂಗಳು ಎಂದಾದರೆ ತಿಂಗಳಿಗೆ 12.50 ರೂ. ‘ಆ’ ಎಂಬ ಮದ್ದಿಗೆ 150 ರೂ., ಒಂದೇ ಭೇಟಿ, ಬಾಳಿಕೆ 15 ತಿಂಗಳು ಎಂದಾದರೆ ತಿಂಗಳಿಗೆ 10 ರೂ. ಮೊದಲ ನೋಟಕ್ಕೆ ಅಗ್ಗವೆನಿಸಿದ್ದು ಹೀಗೆ ತುಟ್ಟಿಯಾಗುತ್ತದೆ. ಇದಕ್ಕೆ ಪ್ರತಿ ಭೇಟಿಯ ಪ್ರಯಾಣ, ವಸತಿ, ಅಂಗಡಿ ಮುಚ್ಚಿದ ದಿನದ ನಷ್ಟ, ಮುಂದಿನ ವರ್ಷಗಳ ನಿರ್ವಹಣಾ ಭೇಟಿ ಇವುಗಳನ್ನೂ ಕೂಡಿಸಬೇಕು. ಇಂಥ ಸೀಸೆಗಳು ಎಷ್ಟು ಬೇಕಾದಾವು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯದಿದ್ದರೆ ಲೆಕ್ಕ ತಪ್ಪುತ್ತದೆ.

ತೆರಿಗೆಯ ವಿಷಯದಲ್ಲಿ ಎರಡು ಮಾತು. ಆರೋಗ್ಯ ಸೇವೆಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆಯಾದರೂ ಸೌಂದರ್ಯದ ಉದ್ದೇಶದ ಕಾಸ್ಮೆಟಿಕ್ ಶಸ್ತ್ರಚಿಕಿತ್ಸೆಗೆ ಆ ವಿನಾಯಿತಿ ಅನ್ವಯವಾಗುವುದಿಲ್ಲ. ಜನ್ಮಜಾತ ದೋಷ, ಬೆಳವಣಿಗೆಯ ನ್ಯೂನತೆ, ಗಾಯ ಅಥವಾ ಆಘಾತದಿಂದಾದ ಹಾನಿಯನ್ನು ಸರಿಪಡಿಸುವ ಚಿಕಿತ್ಸೆಗೆ ಅನ್ವಯವಾಗುತ್ತದೆ. ಎರಡನೆಯದಾಗಿ, ಬಿಲ್ಲನ್ನು ಸಂಸ್ಥೆಯ ಹೆಸರಿನಲ್ಲಿ ಪಡೆದು ಹೂಡುವಳಿ ತೆರಿಗೆ ಜಮೆ ಪಡೆಯಬಹುದೆಂದು ಯಾರಾದರೂ ಸಲಹೆ ಕೊಟ್ಟರೆ ನಂಬಬಾರದು. ಸೌಂದರ್ಯ ಚಿಕಿತ್ಸೆ, ಕಾಸ್ಮೆಟಿಕ್ ಹಾಗೂ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಗಳಿಗೆ ಆ ಜಮೆಯನ್ನು ಕಾಯಿದೆಯ 17(5)ನೇ ಕಲಮು ಸಾಮಾನ್ಯವಾಗಿ ತಡೆಹಿಡಿದಿದೆ. ಇದು ಮಾಲೀಕರ ಸ್ವಂತ ಖರ್ಚೇ ಹೊರತು ವ್ಯಾಪಾರದ ಖರ್ಚಲ್ಲ.

ಕೈ, ಪೆಟ್ಟಿಗೆ, ಬಿಲ್ಲು

ಒಂದೇ ಮದ್ದು ನುರಿತ ಕೈಯಲ್ಲಿ ಫಲವನ್ನೂ ಅರೆಕಲಿತ ಕೈಯಲ್ಲಿ ಗಂಟನ್ನೂ ಕೊಡುತ್ತದೆ. ಆದುದರಿಂದ ಮದ್ದಿನ ಹೆಸರಿಗಿಂತ ಮೊದಲು ಕೈಯನ್ನು ವಿಚಾರಿಸಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಸೌಂದರ್ಯ ಚಿಕಿತ್ಸೆ ಮತ್ತು ಕೂದಲು ಕಸಿ ಕುರಿತು ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರ ಅಥವಾ ಯೂಟ್ಯೂಬ್ ನೋಡಿದ ಮಾತ್ರಕ್ಕೆ ತರಬೇತಿ ಆದಂತಲ್ಲವೆಂದು ಸ್ಪಷ್ಟಪಡಿಸಿತು. ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಸ್ನಾತಕೋತ್ತರ ಪದವಿ ಇದೆಯೇ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಯಾವುದು, ಚುಚ್ಚುವವರು ಸ್ವತಃ ಅವರೇ ಅಥವಾ ಸಹಾಯಕರೇ ಎಂದು ಕೇಳುವುದರಲ್ಲಿ ಅವಿನಯವಿಲ್ಲ. ಚಿಕಿತ್ಸಾಲಯವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿಯಾಗಿರಬೇಕು. ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಿರಬೇಕು. ಬ್ಯೂಟಿ ಪಾರ್ಲರಿನಲ್ಲಾಗಲಿ, ಲಾಡ್ಜಿನ ಕೊಠಡಿಯಲ್ಲಾಗಲಿ, ‘ಇಂದು ಒಂದು ದಿನ ಮಾತ್ರ ರಿಯಾಯಿತಿ’ ಎಂಬ ಶಿಬಿರದಲ್ಲಾಗಲಿ ಚುಚ್ಚಿಸಿಕೊಳ್ಳಲೇಬಾರದು.

ಎರಡನೆಯದು ಪೆಟ್ಟಿಗೆ. ಇಂಥ ಫಿಲ್ಲರ್‌ಗಳು ವೈದ್ಯಕೀಯ ಸಾಧನಗಳ ನಿಯಮಗಳು, 2017ರ ವ್ಯಾಪ್ತಿಗೆ ಬರುತ್ತವೆ. ಆಮದಾದ ಸಾಧನದ ಮೇಲೆ ಆಮದು ಪರವಾನಗಿ ಸಂಖ್ಯೆ, ಆಮದುದಾರರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಬೇಕು. ಪೆಟ್ಟಿಗೆಯನ್ನು ತಮ್ಮ ಕಣ್ಣೆದುರಿಗೇ ತೆರೆಯಲು ಕೇಳಬೇಕು. ಬ್ಯಾಚ್ ಸಂಖ್ಯೆಯ ಚೀಟಿಯನ್ನು ಚಿಕಿತ್ಸಾ ದಾಖಲೆಗೆ ಅಂಟಿಸಿ ಒಂದು ಪ್ರತಿ ಪಡೆಯಬೇಕು. ಐದು ವರ್ಷದ ನಂತರ ಗಂಟು ಕಾಣಿಸಿಕೊಂಡರೆ ಬೇರೆ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ‘ಒಳಗಿರುವುದು ಏನು’ ಎಂಬುದು.

ಈ ಭಾಗದ ಔಷಧ ವ್ಯಾಪಾರಿಗಳೂ ಒಂದು ವಿಷಯ ಗಮನಿಸಬೇಕು. ವೈದ್ಯಕೀಯ ಸಾಧನಗಳನ್ನು ಮಾರುವವರಿಗಾಗಿ 2022ರ ತಿದ್ದುಪಡಿಯು ಎಂ.ಡಿ.-42 ಎಂಬ ನೋಂದಣಿ ಪತ್ರವನ್ನು ಜಾರಿಗೆ ತಂದಿದೆ. ಬಿಲ್ಲಿಲ್ಲದೆ, ಅಂಚೆಯಲ್ಲಿ ಅಥವಾ ಪರಿಚಯದವರ ಚೀಲದಲ್ಲಿ ವಿದೇಶದಿಂದ ಬಂದ ಸೀಸೆಗಳನ್ನು ‘ಪಾರ್ಲರಿನವರು ಕೇಳಿದರು’ ಎಂಬ ಕಾರಣಕ್ಕೆ ತರಿಸಿಕೊಡುವುದು ಅಲ್ಪ ಲಾಭಕ್ಕಾಗಿ ಪರವಾನಗಿಯನ್ನೇ ಪಣಕ್ಕೊಡ್ಡಿದಂತೆ.

ಮೂರನೆಯದು ಬಿಲ್ಲು. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆಯು ಗ್ರಾಹಕ ರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ತೀರ್ಪಿತ್ತಿದೆ. 2019ರ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು; ಬೆಂಗಳೂರಿಗೆ ಅಲೆಯಬೇಕಿಲ್ಲ. ಅವಧಿ ಎರಡು ವರ್ಷ. ಆದರೆ ಬಿಲ್ಲು, ಒಪ್ಪಿಗೆ ಪತ್ರದ ಪ್ರತಿ, ಚಿಕಿತ್ಸೆಗೆ ಮುಂಚಿನ ಛಾಯಾಚಿತ್ರ ಇವಿಲ್ಲದೆ ಯಾವ ಆಯೋಗವೂ ಹೆಚ್ಚಿನ ನೆರವು ನೀಡಲಾರದು.

ಸೋರಿಕೆ ನಿಲ್ಲಿಸುವುದು ಮೊದಲು

ಕಣಜಕ್ಕೆ ಕಾಳು ತುಂಬುವ ಮುನ್ನ ತೂತು ಮುಚ್ಚಬೇಕು. ನಮ್ಮ ಊರುಗಳಲ್ಲಿ ಈ ತೂತುಗಳಲ್ಲಿ ಒಂದು ಔಷಧ ಅಂಗಡಿಯಲ್ಲೇ ದೊರೆಯುತ್ತದೆ. ಬೆಳ್ಳಗಾಗಲೆಂದು ವೈದ್ಯರ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಚರ್ಮವನ್ನು ತೆಳುವಾಗಿಸುತ್ತದೆ. ಕೊಲಾಜನ್ ಉತ್ಪಾದನೆಯನ್ನು ಕುಗ್ಗಿಸುತ್ತದೆ. ಭಾರತೀಯ ಚರ್ಮರೋಗ ತಜ್ಞರ ಸಂಘವು ಇದರ ವಿರುದ್ಧ ವರ್ಷಗಳ ಕಾಲ ಪ್ರಚಾರ ನಡೆಸಿತು. 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಗ್ಗದ ಮುಲಾಮಿನಿಂದ ಕೊಲಾಜನ್ ಕಳೆದುಕೊಂಡು, ಸಾವಿರಾರು ರೂಪಾಯಿಯ ಚುಚ್ಚುಮದ್ದಿನಿಂದ ಅದನ್ನು ಮರಳಿ ಪಡೆಯಲು ಹೋಗುವುದು ಯಾವ ವ್ಯಾಪಾರ? ಚೀಟಿಯಿಲ್ಲದೆ ಈ ಮುಲಾಮು ಕೊಡಲು ನಿರಾಕರಿಸುವ ಅಂಗಡಿಯವರು ತಮ್ಮ ಊರಿನ ಮುಖಗಳಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ಬಿಸಿಲಿನ ವಿಷಯವೂ ಹಾಗೆಯೇ. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ವಯಸ್ಕರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಪ್ರತಿದಿನ ಬಿಸಿಲುರಕ್ಷಕ ಕ್ರೀಮು ಹಚ್ಚಿದವರ ಚರ್ಮದಲ್ಲಿ ನಾಲ್ಕೂವರೆ ವರ್ಷಗಳ ಕೊನೆಗೂ ಮುಪ್ಪಿನ ಲಕ್ಷಣಗಳ ಗುರುತಿಸಬಹುದಾದ ಹೆಚ್ಚಳ ಕಂಡುಬರಲಿಲ್ಲ. ಟ್ರೆಟಿನಾಯಿನ್ ಎಂಬ ಮುಲಾಮು ಸಣ್ಣ ಸುಕ್ಕುಗಳಿಗಾಗಿ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಪಡೆದಿದ್ದು, ಅದೂ ಕೊಲಾಜನ್ ಹೆಚ್ಚಿಸುತ್ತದೆ. ಚರ್ಮ ಒಣಗಿ ಕೆಂಪಾಗುವ ಸಂಭವವಿರುವುದರಿಂದ ವೈದ್ಯರ ಸಲಹೆಯಂತೆಯೇ ಬಳಸಬೇಕು, ಗರ್ಭಿಣಿಯರು ಬಳಸಬಾರದು. ಅಂಗಳದಲ್ಲಿ ರಾಶಿ ನೋಡುವಾಗ ತಲೆಗೊಂದು ಅಗಲ ಅಂಚಿನ ಟೋಪಿ ಅಥವಾ ಪೇಟ, ಬೆಳಿಗ್ಗೆ ಒಂದು ಸಲ ಮತ್ತು ಮಧ್ಯಾಹ್ನ ಒಂದು ಸಲ ಬಿಸಿಲುರಕ್ಷಕ, ಬೀಡಿಗೆ ವಿದಾಯ, ಸಕ್ಕರೆ ಕಾಯಿಲೆಯ ಹತೋಟಿ ಇವುಗಳ ನಂತರವೇ ಚುಚ್ಚುಮದ್ದಿನ ಸರದಿ.

ಇಷ್ಟೆಲ್ಲ ಮಾಡಿದ ಮೇಲೆಯೂ ಚಿಕಿತ್ಸೆ ಬೇಕೆನಿಸಿದಲ್ಲಿ ಅದು ಪ್ರತಿಯೊಬ್ಬರ ಹಕ್ಕು. ಹೋಗುವ ಮುನ್ನ ಒಂದು ಚೀಟಿಯಲ್ಲಿ ಐದು ಪ್ರಶ್ನೆಗಳನ್ನು ಬರೆದುಕೊಂಡರೆ ಸಾಕು: ಚುಚ್ಚುವವರು ಯಾರು? ಮದ್ದು ಯಾವುದು, ಬ್ಯಾಚ್ ಸಂಖ್ಯೆ ಎಷ್ಟು? ಕೆಟ್ಟರೆ ಕರಗಿಸಬಹುದೇ? ಒಟ್ಟು ಎಷ್ಟು ಭೇಟಿ, ಒಟ್ಟು ಎಷ್ಟು ಖರ್ಚು? ರಾತ್ರಿ ತೊಂದರೆಯಾದರೆ ಯಾರಿಗೆ ದೂರವಾಣಿ ಮಾಡಬೇಕು? ಐದಕ್ಕೂ ನೇರ ಉತ್ತರ ಕೊಡುವ ವೈದ್ಯರ ಮುಂದೆ ಕುಳಿತುಕೊಳ್ಳಬಹುದು. ಒಂದಕ್ಕೆ ಉತ್ತರ ತಪ್ಪಿಸಿದರೂ ಮುಂಗಡ ಕೊಡದೆ ಎದ್ದು ಬರಬೇಕು. ಸಂತೆಯಲ್ಲಿ ಚೌಕಾಸಿ ಮುರಿದು ಹೊರಡುವುದು ವರ್ತಕನಿಗೆ ಹೊಸದಲ್ಲ; ಮುಖದ ವಿಷಯದಲ್ಲಿ ಆ ಅಭ್ಯಾಸವೇ ಅವನ ರಕ್ಷಣೆ.